ಕಾರಿನ ಆಕ್ಸಿಜನ್ ಸೆನ್ಸರ್: ಅಂಗಳದಲ್ಲೇ ಬಿಚ್ಚಿ ಹಾಕಿದ್ದು

ಕೋಟೇಶ್ವರದಿಂದ ಕುಂದಾಪುರಕ್ಕೆ ಐದು ಕಿಲೋಮೀಟರ್. ದಿನಾ ಬೆಳಿಗ್ಗೆ ಹೋಗುವುದು, ಸಂಜೆ ಬರುವುದು. ಇಷ್ಟು ಚಿಕ್ಕ ದಾರಿಗೆ ನನ್ನ ಕಾರು ಸಿಕ್ಕಾಪಟ್ಟೆ ಪೆಟ್ರೋಲ್ ಕುಡಿಯುತ್ತಿತ್ತು. ಅದೇ ಕಾರಿನಲ್ಲಿ ದೂರದ ಉಡುಪಿಗೆ ಹೋಗಿ ಬಂದರೆ ಮೈಲೇಜ್ ಮಾಮೂಲಿಯಾಗೇ ಇರುತ್ತಿತ್ತು. ಊರೊಳಗಿನ ಓಡಾಟದಲ್ಲಿ ಮಾತ್ರ ಲೀಟರಿಗೆ 15 ಕೊಡುತ್ತಿದ್ದದ್ದು 12ಕ್ಕೆ ಬಂದು ನಿಂತಿತ್ತು. ಸೈಲೆನ್ಸರ್ ಬಾಯಿಗೆ ಬೆರಳು ಹಾಕಿದರೆ ಕಪ್ಪು ಮಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಗೇಟು ತೆಗೆಯಲು ಇಳಿದರೆ ಮೂಗಿಗೆ ಪೆಟ್ರೋಲ್ ವಾಸನೆ.

ಮೊದಲು ಅನುಮಾನ ಬಂದದ್ದು ಪೆಟ್ರೋಲ್ ಮೇಲೆಯೇ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20, ಅಂದರೆ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್, ಬಿಡುಗಡೆಯಾಯಿತಲ್ಲ, ಆಮೇಲಿಂದ ಯಾರನ್ನು ಕೇಳಿದರೂ ಮೈಲೇಜ್ ಬಿದ್ದಿದ್ದಕ್ಕೆ ಎಥೆನಾಲ್ ಕಾರಣ ಅನ್ನುತ್ತಾರೆ. ಅದರಲ್ಲಿ ಸ್ವಲ್ಪ ನಿಜ ಇದೆ. ಎಥೆನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಟ್ಯಾಂಕಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಇದ್ದರೆ ಲೆಕ್ಕದ ಪ್ರಕಾರ ಮೈಲೇಜ್ ಶೇಕಡಾ ಆರೇಳು ಇಳಿಯಬೇಕು. 15 ಇದ್ದದ್ದು 14 ಆಗಬೇಕು, 12 ಆಗುವುದಿಲ್ಲ. ಇನ್ನೊಂದು ವಿಷಯ, ಎಥೆನಾಲ್‌ಗೆ ಕುಂದಾಪುರ ಯಾವುದು ಉಡುಪಿ ಯಾವುದು ಅಂತ ಗೊತ್ತಾಗುತ್ತದಾ? ಕಾರಣ ಅದೇ ಆಗಿದ್ದರೆ ಎರಡೂ ಕಡೆ ಇಳಿಯಬೇಕಿತ್ತು.

ಚೆಕ್ ಎಂಜಿನ್ ಲೈಟ್ ಜುಲೈಯಲ್ಲೇ ಬಂದಿತ್ತು. ಒಂದು ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಸ್ಕ್ಯಾನರ್ ಚುಚ್ಚಿ, ಕೋಡ್ ಅಳಿಸಿ, ಸರಿಯಾಯಿತು ಅಂದರು. ಎರಡೇ ದಿನಕ್ಕೆ ಮತ್ತೆ ಹತ್ತಿಕೊಂಡಿತು. ಎರಡನೇ ಸಲ ಹೋದಾಗ ಎರಡೂ ಆಕ್ಸಿಜನ್ ಸೆನ್ಸರ್ (ಎಂಜಿನ್ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವವು) ಬದಲಿಸಬೇಕು, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹೋಗಿರಬಹುದು ಅಂದರು. ಯಾವುದನ್ನೂ ಅಳೆದು ನೋಡಿರಲಿಲ್ಲ. ಕನ್ವರ್ಟರ್ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ, ಅದರ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಅಳೆಯದೇ ಅಷ್ಟು ದೊಡ್ಡ ಖರ್ಚಿನ ಮಾತು ಆಡಿದ್ದು ನನಗೆ ನಿಜವಾಗಿಯೂ ಬೇಜಾರಾಯಿತು. ಮನೆಗೆ ಬಂದೆ. ನಮ್ಮ ಕಡೆಯ ಜುಲೈ ಮಳೆಯಲ್ಲಿ ಅಂಗಳದಲ್ಲಿ ನಿಂತು ಕೆಲಸ ಮಾಡುವ ಹಾಗಿಲ್ಲ, ಹಾಗಾಗಿ ಮಳೆ ಬಿಡುವವರೆಗೆ ಕಾಯಬೇಕಾಯಿತು. ಆ ಸಮಯದಲ್ಲಿ ಓದಿದೆ, ಕಾರಿನ ಕಂಪ್ಯೂಟರ್ ಹೇಳುವುದನ್ನು ಫೋನಿಗೆ ಕಳಿಸುವ ಒಂದು ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರ್ ಆರುನೂರು ರೂಪಾಯಿಗೆ ತರಿಸಿದೆ, ಅದನ್ನು ಓದಲು ಫೋನಿಗೆ ಟಾರ್ಕ್ ಆಪ್ ಹಾಕಿಕೊಂಡೆ.

ನನ್ನದು 2014ರ ಪೆಟ್ರೋಲ್ ಗಾಡಿ. ಬೆಂಗಳೂರು ನೋಂದಣಿ, ಹೊಗೆ ಮಾಲಿನ್ಯದ ನಿಯಮದ ಪ್ರಕಾರ ಬಿಎಸ್ 4. ಆಗ ಬೆಂಗಳೂರಿನಂಥ ಆಯ್ದ ನಗರಗಳಲ್ಲಷ್ಟೇ ಬಿಎಸ್ 4 ಕಡ್ಡಾಯವಿತ್ತು, ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್‌ನಲ್ಲಿ. 2013ರ ಏಪ್ರಿಲ್ ನಂತರದ ಬಿಎಸ್ 4 ಕಾರಾದರೆ ಸ್ಟೇರಿಂಗ್ ಕೆಳಗೆ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸುವ 16 ಪಿನ್ನಿನ ಒಬಿಡಿ 2 ಪೋರ್ಟ್ ಇರುತ್ತದೆ, ನೋಡಿಕೊಳ್ಳಿ. ಅಡಾಪ್ಟರ್ ಅಲ್ಲಿಗೇ ಚುಚ್ಚುವುದು. ಬಂದ ಕೋಡ್ ಒಂದೇ: ಪಿ0135. ಅರ್ಥ ಇಷ್ಟು: ಒಂದನೇ ಬ್ಯಾಂಕಿನ ಒಂದನೇ ಸೆನ್ಸರಿನ ಹೀಟರ್ ಸರ್ಕ್ಯೂಟ್‌ನಲ್ಲಿ ತೊಂದರೆ. ಬ್ಯಾಂಕ್ ಅಂದರೆ ಎಂಜಿನ್ನಿನ ಸಿಲಿಂಡರ್ ಸಾಲು. ಒಂದನೇ ಸೆನ್ಸರ್ ಅಂದರೆ ಕನ್ವರ್ಟರಿಗಿಂತ ಮೊದಲು, ಎಂಜಿನ್ ಹತ್ತಿರ ಇರುವುದು. ಕನ್ವರ್ಟರ್ ಸರಿಯಾಗಿ ಕೆಲಸ ಮಾಡದಿದ್ದರೆ ಬರುವ ಕೋಡ್ ಪಿ0420, ಅದು ಬಂದೇ ಇರಲಿಲ್ಲ. ಎರಡನೇ ಸೆನ್ಸರಿನ ಹೀಟರ್ ಕೋಡ್ ಪಿ0141, ಅದೂ ಇಲ್ಲ. ಹಾಗಾದರೆ ಎರಡೂ ಸೆನ್ಸರ್ ಯಾಕೆ ಬದಲಿಸಬೇಕು?

ಈ 'ಹೀಟರ್' ಅನ್ನುವ ಪದ ಓದಿದಾಗ ನನ್ನ ಐದು ಕಿಲೋಮೀಟರಿನ ಒಗಟು ಬಿಡಿಸಿಕೊಂಡಿತು. ಸೆನ್ಸರ್ ತುದಿಯಲ್ಲಿ ಬೆರಳ ತುದಿಯಷ್ಟು ದೊಡ್ಡ ಒಂದು ಸೆರಾಮಿಕ್ ಟೋಪಿ ಇರುತ್ತದೆ. ಜಿರ್ಕೋನಿಯಂ ಡೈಆಕ್ಸೈಡ್‌ನದ್ದು. ಒಳಗೂ ಹೊರಗೂ ತೆಳ್ಳಗೆ ಪ್ಲಾಟಿನಂ ಲೇಪ. ಹೊರಮೈಗೆ ಎಂಜಿನ್ ಹೊಗೆ ತಾಗುತ್ತದೆ, ಒಳಗಡೆ ನಾವು ಉಸಿರಾಡುವ ಗಾಳಿಯೇ ಇರುತ್ತದೆ. ಎರಡು ಕಡೆ ಆಮ್ಲಜನಕ ಎಷ್ಟು ಹೆಚ್ಚುಕಡಿಮೆ ಇದೆಯೋ ಅದರ ಮೇಲೆ ಅಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಪೆಟ್ರೋಲ್ ಜಾಸ್ತಿಯಾಗಿ ಹೊಗೆಯಲ್ಲಿ ಆಮ್ಲಜನಕ ಉಳಿಯದಿದ್ದರೆ 0.8, 0.9 ವೋಲ್ಟ್. ಪೆಟ್ರೋಲ್ ಕಡಿಮೆಯಾಗಿ ಆಮ್ಲಜನಕ ಮಿಕ್ಕಿದರೆ 0.1, 0.2. ಇದನ್ನು ನೋಡಿಕೊಂಡೇ ಕಾರಿನ ಕಂಪ್ಯೂಟರ್ ಪ್ರತಿ ಕ್ಷಣವೂ ಪೆಟ್ರೋಲನ್ನು ಸ್ವಲ್ಪ ಹೆಚ್ಚಿಸಿ, ಸ್ವಲ್ಪ ತಗ್ಗಿಸಿ ಸರಿದೂಗಿಸುತ್ತದೆ. ಬರೀ ಪೆಟ್ರೋಲ್ ಆದರೆ ಒಂದು ಗ್ರಾಮಿಗೆ 14.7 ಗ್ರಾಂ ಗಾಳಿ, ಆ ತೂಕ ತಪ್ಪಬಾರದು. ಎಥೆನಾಲ್ ಸೇರಿದರೆ ಈ ಸಂಖ್ಯೆ ಇಳಿಯುತ್ತದೆ, ಅದನ್ನೂ ಈ ಸೆನ್ಸರೇ ಹಿಡಿದು ಹೇಳುತ್ತದೆ.

ಆದರೆ ಆ ಸೆರಾಮಿಕ್ ಸುಮಾರು 300 ಡಿಗ್ರಿ ದಾಟುವ ತನಕ ಏನೂ ಹೇಳುವುದಿಲ್ಲ. ಕಾವಲಿ ಕಾಯದೆ ನೀರುದೋಸೆ ಏಳುವುದಿಲ್ಲವಲ್ಲ, ಹಾಗೆಯೇ. ಬಾಷ್ ಕಂಪನಿ ಮಾಡಿದ ಈ ಸೆನ್ಸರ್ 1976ರಲ್ಲಿ ಮೊದಲ ಸಲ ವೋಲ್ವೋ ಕಾರಿನಲ್ಲಿ ಬಂದಾಗ ಅದಕ್ಕೆ ಹೀಟರ್ ಇರಲಿಲ್ಲ, ಎಂಜಿನ್ ಹೊಗೆಯ ಬಿಸಿಯೇ ಗತಿ. ಆಮೇಲೆ ಒಳಗೇ ಒಂದು ಸಣ್ಣ ಹೀಟರ್ ಇಟ್ಟರು. ಈಗ ಅದು ಸ್ಟಾರ್ಟ್ ಆದ ಅರ್ಧ ಮುಕ್ಕಾಲು ನಿಮಿಷದಲ್ಲೇ ತುದಿಯನ್ನು ಕಾಯಿಸುತ್ತದೆ. ಅಲ್ಲಿಯವರೆಗೆ ಕಂಪ್ಯೂಟರ್ ಕಣ್ಣುಮುಚ್ಚಿ ಅಂದಾಜಿನಲ್ಲಿ ಪೆಟ್ರೋಲ್ ಬಿಡುತ್ತದೆ, ಅದೂ ಧಾರಾಳವಾಗಿ. ಇದಕ್ಕೆ ಓಪನ್ ಲೂಪ್ ಅನ್ನುತ್ತಾರೆ. ಹೀಟರ್ ಸತ್ತರೆ ಈ ಅಂದಾಜಿನ ಹೊತ್ತು ಉದ್ದವಾಗುತ್ತದೆ. ಉಡುಪಿಗೆ ಹೋಗುವಾಗ ಮೊದಲ ಕೆಲವು ನಿಮಿಷ ಹಾಳಾದರೂ ಆಮೇಲೆ ಹೊಗೆಯ ಬಿಸಿಗೇ ಸೆನ್ಸರ್ ಎಚ್ಚರವಾಗುತ್ತದೆ. ಕುಂದಾಪುರಕ್ಕೆ ಹೋಗುವಾಗ ಅದು ಎಚ್ಚರವಾಗುವ ಹೊತ್ತಿಗೆ ಅರ್ಧ ದಾರಿ ಮುಗಿದಿರುತ್ತದೆ. ಶಾಸ್ತ್ರಿ ಸರ್ಕಲ್‌ನಲ್ಲಿ ಟ್ರಾಫಿಕ್‌ಗೆ ನಿಂತರೆ ಮತ್ತೆ ತಣ್ಣಗಾಗುತ್ತದೆ.

ಇದನ್ನು ಕಣ್ಣಾರೆ ನೋಡಿದೆ. ಫೋನಿನಲ್ಲಿ ಸೆನ್ಸರ್ ವೋಲ್ಟೇಜಿನ ಗ್ರಾಫ್ ತೆರೆದಿಟ್ಟು ಕಾರು ಸ್ಟಾರ್ಟ್ ಮಾಡಿದೆ. ಗೆರೆ 0.45 ವೋಲ್ಟ್‌ನಲ್ಲಿ ನೆಟ್ಟಗೆ ಮಲಗಿತ್ತು. ಒಂದು ನಿಮಿಷ, ಎರಡು ನಿಮಿಷ, ಅಲುಗಾಡಲಿಲ್ಲ. ಐದು ನಿಮಿಷ ದಾಟಿದ ಮೇಲೆ ನಿಧಾನಕ್ಕೆ ಮೇಲೆ ಕೆಳಗೆ ಆಡಲು ಶುರುವಾಯಿತು. ಸ್ವಲ್ಪ ಹೊತ್ತು ಐಡಲ್‌ನಲ್ಲೇ (ಗಾಡಿ ನಿಂತಲ್ಲೇ, ಎಂಜಿನ್ ಮಾತ್ರ ಓಡುವ ಹಾಗೆ) ಬಿಟ್ಟಾಗ ಮತ್ತೆ ಮಲಗಿತು.

ಇಷ್ಟಾದರೂ ಸೆನ್ಸರ್ ತರಲು ಓಡಲಿಲ್ಲ. ಪಿ0135 ಅಂದರೆ ಹೀಟರ್ 'ಸರ್ಕ್ಯೂಟ್' ತೊಂದರೆ, ಅದರಲ್ಲಿ ಫ್ಯೂಸ್, ವೈರ್, ಕನೆಕ್ಟರ್ ಎಲ್ಲವೂ ಸೇರಿದೆ. ಹತ್ತು ರೂಪಾಯಿಯ ಫ್ಯೂಸ್ ಹೋಗಿದ್ದರೆ ಮೂರು ಸಾವಿರದ ಸೆನ್ಸರ್ ಹಾಕಿ ಏನು ಪ್ರಯೋಜನ? ಫ್ಯೂಸ್ ಸರಿ ಇತ್ತು. ಎಂಜಿನ್ ತಣ್ಣಗಿದ್ದಾಗ ಕನೆಕ್ಟರ್ ಬಿಚ್ಚಿ ಸೆನ್ಸರ್ ಕಡೆಯ ವೈರ್ ನೋಡಿದೆ. ನಾಲ್ಕು ವೈರ್: ಎರಡು ಬಿಳಿ, ಒಂದು ಬೂದು, ಒಂದು ಕಪ್ಪು. ಒಂದೇ ಬಣ್ಣದ ಎರಡು ವೈರ್ ಇದ್ದರೆ ಅವೇ ಹೀಟರಿನದ್ದು ಅಂತ ಹಿಡಿಯಬಹುದು. ನನ್ನಲ್ಲಿ ಬಿಳಿ, ಕೆಲವು ಸೆನ್ಸರ್‌ಗಳಲ್ಲಿ ಕಪ್ಪು. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಎರಡು ಬಿಳಿ ವೈರುಗಳ ಪಿನ್ನಿಗೆ ಇಟ್ಟೆ. ಒಳ್ಳೆಯ ಹೀಟರ್ ಆದರೆ ಕೆಲವೇ ಓಮ್ ತೋರಿಸಬೇಕು. ಮೀಟರ್ 'ಒಎಲ್' ಅಂತಷ್ಟೇ ತೋರಿಸಿತು, ಅಂದರೆ ಒಳಗಿನ ತಂತಿ ಕಡಿದುಹೋಗಿದೆ. ಆಮೇಲೆ ಇಗ್ನಿಷನ್ ಆನ್ ಮಾಡಿ ಕಾರಿನ ಕಡೆಯ ಕನೆಕ್ಟರಿಗೆ ಇಟ್ಟೆ, 12.3 ವೋಲ್ಟ್ ಬಂತು. ಕರೆಂಟ್ ಬರುತ್ತಿದೆ, ಹೀಟರ್ ಇಲ್ಲ. ಇಷ್ಟಕ್ಕೆ ಹಿಡಿದದ್ದು ಹತ್ತು ನಿಮಿಷ. ಈ ಹತ್ತು ನಿಮಿಷದ ಕೆಲಸವನ್ನು ಯಾರೂ ಬಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ, ಗ್ಯಾರೇಜಿಗೇ ಕೊಡುವವರೂ 'ಅಳೆದು ನೋಡಿದ್ರಾ' ಅಂತ ಒಂದು ಮಾತು ಕೇಳಿ.

ಸೆನ್ಸರ್ 2,900 ರೂಪಾಯಿ ಆಯಿತು. ಕಾರಿನ ಪಾರ್ಟ್ ನಂಬರ್ ಕೊಟ್ಟು, ಅದೇ ಕನೆಕ್ಟರ್, ಅದೇ ಉದ್ದದ ವೈರ್ ಇರುವುದನ್ನೇ ತರಿಸಿದೆ. ಯೂನಿವರ್ಸಲ್ ಅಂತ ಇನ್ನೂ ಅಗ್ಗಕ್ಕೆ ಸಿಗುತ್ತದೆ, ಹಳೆಯ ಕನೆಕ್ಟರ್ ಕತ್ತರಿಸಿ ವೈರ್ ಜೋಡಿಸಿಕೊಳ್ಳಬೇಕು. ನನಗೆ ಅದು ಬೇಡ ಅನಿಸಿತು. ಕಾರಣ ಇದೆ. ಟೋಪಿಯ ಒಳಗೆ ಹೊರಗಿನ ಗಾಳಿ ಇರಬೇಕು ಅಂದೆನಲ್ಲ, ಆ ಗಾಳಿ ಎಷ್ಟೋ ಸೆನ್ಸರ್‌ಗಳಲ್ಲಿ ಒಳಗೆ ಹೋಗುವುದು ವೈರಿನ ಎಳೆಗಳ ಮಧ್ಯದ ಸಂದಿಯಿಂದಲೇ. ಬೆಸುಗೆ ಹಾಕಿದರೆ ಸಂದಿ ಮುಚ್ಚಿಹೋಗುತ್ತದೆ. ಕನೆಕ್ಟರಿಗೆ ಗ್ರೀಸ್ ಮೆತ್ತುವುದು, ಕ್ಲೀನರ್ ಸ್ಪ್ರೇ ಹೊಡೆಯುವುದು ಕೂಡ ಇದೇ ಕಾರಣಕ್ಕೆ ಕೂಡದು. ಒಳ್ಳೆಯದಾಗಲಿ ಅಂತ ಮಾಡಿದ್ದೇ ಸೆನ್ಸರಿನ ಉಸಿರು ಕಟ್ಟಿಸುತ್ತದೆ. ಪೆಟ್ಟಿಗೆ ಬಂದ ಕೂಡಲೇ ಹೊಸದರ ಹೀಟರನ್ನೂ ಅಳೆದೆ. 9 ಓಮ್.

ಇನ್ನು ಬಿಚ್ಚುವ ಕೆಲಸ. ಇಡೀ ಕೆಲಸದಲ್ಲಿ ಕಷ್ಟ ಅನ್ನುವುದು ಇದೊಂದೇ. ನಮ್ಮದು ಸಮುದ್ರದ ಪಕ್ಕದ ಊರು, ಗಾಳಿಯಲ್ಲೇ ಉಪ್ಪು. ಮೇಲಿಂದ ಹತ್ತು ವರ್ಷದ ಮಳೆಗಾಲ. ಎಂಜಿನ್ ಬಿಸಿಗೆ ದಿನಾ ಕಾದು ತಣ್ಣಗಾಗುವ ಜಾಗದಲ್ಲಿ ಹತ್ತು ವರ್ಷ ಕೂತ ಎಂ18 ಥ್ರೆಡ್ ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ. ಸೆನ್ಸರ್ ಮೇಲಿನ ಹೀಟ್ ಶೀಲ್ಡಿಗೆ (ಬಿಸಿ ತಡೆಯುವ ತಗಡಿಗೆ) ಮೂರು 10 ಮಿ.ಮೀ. ಬೋಲ್ಟ್ ಇದ್ದವು, ಅವೂ ಕೆಂಪಗೆ ತುಕ್ಕು ಹಿಡಿದಿದ್ದವು. ಶನಿವಾರ ಸಂಜೆ ಆ ಮೂರು ಬೋಲ್ಟಿಗೂ, ಸೆನ್ಸರಿನ ಬುಡಕ್ಕೂ ತುಕ್ಕು ಬಿಡಿಸುವ ಎಣ್ಣೆ ಹೊಡೆದೆ. ರಾತ್ರಿ ಮಲಗುವ ಮೊದಲು ಇನ್ನೊಂದು ಸಲ. ಬೆಳಿಗ್ಗೆ ಎದ್ದು ಮತ್ತೊಂದು ಸಲ.

ಭಾನುವಾರ ತಿಂಡಿ ಮುಗಿಸಿ ಶುರು ಮಾಡಿದೆ. ಶೀಲ್ಡ್ ಸುಲಭವಾಗಿ ಬಂತು. ಆಮೇಲೆ ಸೆನ್ಸರಿಗೆ 22 ಮಿ.ಮೀ.ನ ಸೀಳು ಇರುವ ಸಾಕೆಟ್ ಹಾಕಿದೆ. ವೈರ್ ಹೊರಗೆ ಬರಲಿ ಅಂತ ಅದರ ಪಕ್ಕದಲ್ಲಿ ಸೀಳು ಬಿಟ್ಟಿರುತ್ತಾರೆ. ಜೋರಾಗಿ ಎಳೆದೆ. ಸೆನ್ಸರ್ ಅಲುಗಲಿಲ್ಲ, ಸಾಕೆಟ್ಟೇ ಸೀಳಿನ ಜಾಗದಲ್ಲಿ ಬಾಯಿ ಬಿಟ್ಟಿತು. ಇನ್ನೂ ಎಳೆದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ, ಆಮೇಲೆ ಯಾವ ಪಾನಾ ಕೂಡ ಹಿಡಿಯುವುದಿಲ್ಲ. ಅಷ್ಟು ಹೊತ್ತಿಗೆ ಪಕ್ಕದ ಮನೆಯವರು ಬೇಲಿ ಹತ್ತಿರ ಬಂದು ನಿಂತಿದ್ದರು. ಹಿಂದೆ ಬೋಟಿನ ಎಂಜಿನ್ ಕೆಲಸ ಮಾಡಿದವರು. "ಹ್ವಾಯ್, ಜೋರ್ ಮಾಡ್ಬೇಡಿ, ತುಂಡಾತ್ತ್ ಕಾಣಿ" ಅಂದರು. ಎಂಜಿನ್ ಸ್ವಲ್ಪ ಬಿಸಿ ಮಾಡಿಕೊಳ್ಳಿ, ವೈರ್ ಕತ್ತರಿಸಿ ರಿಂಗ್ ಪಾನಾ ಹಾಕಿ ಅಂತ ಅವರೇ ಹೇಳಿಕೊಟ್ಟರು.

ಎಷ್ಟು ಸರಿಯಾದ ಮಾತು! ಹೊಸ ಸೆನ್ಸರ್ ಕೈಯಲ್ಲಿದೆ, ಅದರ ಕನೆಕ್ಟರ್ ಹೊಂದುತ್ತದೆ ಅಂತ ನೋಡಿ ಆಗಿದೆ, ಸತ್ತ ಸೆನ್ಸರಿನ ವೈರ್ ಉಳಿಸಿಕೊಂಡು ಏನು ಮಾಡುವುದು? ಕತ್ತರಿಸಿದೆ. ಈಗ ಸೀಳಿಲ್ಲದ ಪೂರ್ತಿ ರಿಂಗ್ ಪಾನಾ ಆರೂ ಮೂಲೆ ಹಿಡಿದು ಕೂತಿತು. ಎಂಜಿನ್ ಮೂರು ನಿಮಿಷ ಓಡಿಸಿ ಆಫ್ ಮಾಡಿದೆ. ಸೆನ್ಸರ್ ಕೂತಿರುವುದು ಮ್ಯಾನಿಫೋಲ್ಡ್ ಅನ್ನುವ, ಎಂಜಿನ್ ಹೊಗೆ ಹೊರಬರುವ ಕೊಳವೆಯಲ್ಲಿ. ಬಿಸಿಗೆ ಅದರ ತೂತು ಹಿಗ್ಗುತ್ತದೆ, ತುಕ್ಕಿನ ಹಿಡಿತ ಸಡಿಲವಾಗುತ್ತದೆ. ದಪ್ಪ ಚರ್ಮದ ಗ್ಲೌಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ, ಮೂರು ನಿಮಿಷಕ್ಕೇ ಮ್ಯಾನಿಫೋಲ್ಡ್ ಚರ್ಮ ಸುಟ್ಟುಬಿಡುವಷ್ಟು ಕಾದಿರುತ್ತದೆ. ಬ್ಯಾಟರಿಯ ನೆಗೆಟಿವ್ ತೆಗೆದೆ. ಪಾನಾಗೆ ಎರಡಡಿ ಕಬ್ಬಿಣದ ಪೈಪ್ ಸಿಕ್ಕಿಸಿ ನಿಧಾನಕ್ಕೆ, ಜರ್ಕ್ ಇಲ್ಲದೆ, ಭಾರ ಬಿಡುತ್ತಾ ಹೋದೆ. ಕಿರ್ ಅಂತ ಒಂದು ಸದ್ದು. ಕಾಲು ಸುತ್ತು ತಿರುಗಿತು.

ಆ ಸದ್ದು ಕೇಳಿದ ಖುಷಿಯಲ್ಲಿ ಒಂದೇ ಸಮನೆ ತಿರುಗಿಸಬಾರದು. ತುಕ್ಕಿನ ಪುಡಿ ಥ್ರೆಡ್ ಮಧ್ಯೆ ಸಿಕ್ಕಿ ಮ್ಯಾನಿಫೋಲ್ಡಿನ ಥ್ರೆಡ್ಡನ್ನೇ ಹರಿದುಕೊಂಡು ಬರುತ್ತದೆ. ಕಾಲು ಸುತ್ತು ಬಿಚ್ಚು, ಅರ್ಧ ಕಾಲು ವಾಪಸ್ ತಿರುಗಿಸು, ಎಣ್ಣೆ ಬಿಡು, ಮತ್ತೆ ಬಿಚ್ಚು. ಅದೊಂದಕ್ಕೇ ಇಪ್ಪತ್ತೈದು ನಿಮಿಷ ಹೋಯಿತು. ಸೆನ್ಸರ್ ಹೊರಗೆ ಬಂದಾಗ ತುದಿ ಪೂರ್ತಿ ಕಪ್ಪು ಮಸಿ, ಪೆಟ್ರೋಲ್ ಜಾಸ್ತಿ ಉರಿದ ಗುರುತು. ಬಿಳಿ ಪುಡಿಯಂತೆ ಕಂಡಿದ್ದರೆ ಸಿಲಿಕಾನ್ ಅನುಮಾನ, ಎಂಜಿನ್ ಕೆಲಸಕ್ಕೆ ಯಾರೋ ಸಿಕ್ಕ ಸಿಕ್ಕ ಸೀಲೆಂಟ್ ಬಳಿದಿದ್ದರೆ ಹಾಗಾಗುತ್ತದೆ. ಎಣ್ಣೆಯ ಜಿಡ್ಡು ಕಂಡರೆ ಎಂಜಿನ್ ಎಣ್ಣೆ ಸುಡುತ್ತಿದೆ ಅಂತ. ಹಾಗಿದ್ದಾಗ ಮೂಲ ತೊಂದರೆ ಬಿಟ್ಟು ಹೊಸ ಸೆನ್ಸರ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ. ಹಾಗಾಗಿ ಹಳೆಯದನ್ನು ಬಿಸಾಡುವ ಮೊದಲು ಒಂದು ನಿಮಿಷ ಬೆಳಕಿಗೆ ಹಿಡಿದು ನೋಡಿ.

ಮ್ಯಾನಿಫೋಲ್ಡಿನ ಥ್ರೆಡ್ಡನ್ನು ವೈರ್ ಬ್ರಷ್‌ನಿಂದ ಉಜ್ಜಿ ಬಟ್ಟೆಯಲ್ಲಿ ಒರೆಸಿದೆ. ಹೊಸ ಸೆನ್ಸರಿನ ಥ್ರೆಡ್ಡಿಗೆ ಕಂಪನಿಯವರೇ ಆಂಟಿ ಸೀಜ್ ಪೇಸ್ಟ್ (ಥ್ರೆಡ್ ಹಿಡಿದುಕೊಳ್ಳದ ಹಾಗೆ ಮಾಡುವುದು) ಹಚ್ಚಿ ಕಳಿಸಿದ್ದರು. ಹಚ್ಚಿರದಿದ್ದರೆ ನಾವೇ ಹಚ್ಚಬೇಕು, ಥ್ರೆಡ್ಡಿಗೆ ಮಾತ್ರ. ತುದಿಗೆ ಒಂದು ಹನಿ ತಾಗಿದರೂ ಹೊಸ ಸೆನ್ಸರ್ ಕೆಡಬಹುದು. ನೆಲಕ್ಕೆ ಬೀಳಿಸಲೂಬಾರದು, ಒಳಗಿರುವುದು ಸೆರಾಮಿಕ್. ಮೊದಲು ಬರೀ ಕೈಯಲ್ಲೇ ತಿರುಗಿಸಿ ಕೂರಿಸಿದೆ. ಓರೆಯಾಗಿ ಹತ್ತಿದರೆ ಕೈಗೇ ಗೊತ್ತಾಗುತ್ತದೆ, ಪಾನಾಗೆ ಗೊತ್ತಾಗುವುದಿಲ್ಲ. ಕೊನೆಯ ಬಿಗಿತ ಪೆಟ್ಟಿಗೆಯ ಚೀಟಿಯಲ್ಲಿದ್ದ ಹಾಗೆ 45 ನ್ಯೂಟನ್ ಮೀಟರ್. ನಿಮ್ಮ ಸೆನ್ಸರಿನ ಚೀಟಿಯಲ್ಲಿ ಏನಿದೆಯೋ ಅದನ್ನೇ ಪಾಲಿಸಿ. ವೈರನ್ನು ಹಳೆಯ ಕ್ಲಿಪ್ಪಿನಲ್ಲೇ ಸಿಕ್ಕಿಸಿದೆ, ಮ್ಯಾನಿಫೋಲ್ಡಿಗೆ ತಾಗಿದರೆ ಒಂದೇ ದಿನದಲ್ಲಿ ಕರಗಿಹೋಗುತ್ತದೆ.

ನನ್ನ ಗಾಡಿಯಲ್ಲಿ ಈ ಸೆನ್ಸರ್ ಬಾನೆಟ್ ತೆಗೆದರೆ ಮೇಲಿಂದಲೇ ಸಿಗುತ್ತದೆ, ಕೆಳಗೆ ನುಸುಳುವ ಕೆಲಸ ಬರಲಿಲ್ಲ. ಎರಡನೇ ಸೆನ್ಸರ್ ಬದಲಿಸುವವರಾದರೆ ಕಾರು ಎತ್ತಲೇಬೇಕು. ಆಗ ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ಗಟ್ಟಿ ನೆಲ, ಜ್ಯಾಕ್ ಸ್ಟ್ಯಾಂಡ್, ಚಕ್ರಕ್ಕೆ ಕಲ್ಲು, ಈ ಮೂರೂ ಇಲ್ಲದಿದ್ದರೆ ಗ್ಯಾರೇಜಿಗೇ ಕೊಡಿ. ನಮ್ಮ ಅಂಗಳದ ಮಣ್ಣಿನಲ್ಲಿ ನಾನಂತೂ ಆ ಕೆಲಸ ಮಾಡುವುದಿಲ್ಲ.

ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದೆ. ಮ್ಯಾನಿಫೋಲ್ಡ್ ಹತ್ತಿರ ಸ್ವಲ್ಪ ಹೊಗೆ ಬಂತು. ಅದು ಮೊನ್ನೆಯಿಂದ ಹೊಡೆದ ಎಣ್ಣೆ ಮತ್ತು ಪೇಸ್ಟ್ ಸುಡುವುದು, ಹೆದರಬೇಕಿಲ್ಲ, ಹತ್ತು ನಿಮಿಷಕ್ಕೆ ನಿಂತಿತು. ನನ್ನ ಕಣ್ಣೆಲ್ಲ ಫೋನಿನ ಮೇಲೆಯೇ. ಗೆರೆ 0.45ರಲ್ಲಿ ಮಲಗಿತ್ತು. ಮೂವತ್ತು ಸೆಕೆಂಡ್. ನಲವತ್ತಕ್ಕೆ ಒಮ್ಮೆ ಕೆಳಗೆ ಕುಸಿದು, ಮೇಲೆ ಹಾರಿ, 0.1ಕ್ಕೂ 0.8ಕ್ಕೂ ನಡುವೆ ಚಕಚಕ ಅಂತ ಆಡಲು ಶುರುಮಾಡಿತು. ಪಕ್ಕದ ಮನೆಯವರನ್ನು ಕರೆದು ತೋರಿಸಿದೆ. ಅವರು ಫೋನ್ ಕೈಗೆ ತೆಗೆದುಕೊಂಡು ಎಷ್ಟೋ ಹೊತ್ತು ಆ ಗೆರೆಯನ್ನೇ ನೋಡುತ್ತಾ ನಿಂತರು. ಹದಿನೈದು ನಿಮಿಷ ಐಡಲ್‌ನಲ್ಲೇ ಬಿಟ್ಟೆವು, ಗೆರೆ ಮಲಗಲಿಲ್ಲ.

ಕೋಡ್ ಅಳಿಸಿ ಈಗ ಐದು ವಾರ. ಲೈಟ್ ಬಂದಿಲ್ಲ. ಬೆಳಗಿನ ಪೆಟ್ರೋಲ್ ವಾಸನೆ ಮಾರನೇ ದಿನದಿಂದಲೇ ಇಲ್ಲ. ಪೂರ್ತಿ ಊರೊಳಗೇ ಓಡಿಸಿದ ಒಂದು ಟ್ಯಾಂಕಿನ ಲೆಕ್ಕ ಹಾಕಿದೆ, 14.4 ಬಂತು. ಕಳೆದ ವಾರ ಎಮಿಷನ್ ಟೆಸ್ಟ್ ಕೂಡ ಇತ್ತು, ಮೊದಲನೇ ಸಲಕ್ಕೇ ಪಾಸಾಯಿತು. ಇನ್ನು ಹೀಟ್ ಶೀಲ್ಡಿನ ಆ ಮೂರು ತುಕ್ಕು ಬೋಲ್ಟ್ ಉಳಿದಿವೆ. ಸದ್ಯಕ್ಕೆ ಪೇಸ್ಟ್ ಹಚ್ಚಿ ಅವನ್ನೇ ಹಾಕಿದ್ದೇನೆ. ಮುಂದಿನ ಮಳೆಗಾಲಕ್ಕೆ ಮೊದಲು ಸ್ಟೇನ್‌ಲೆಸ್ ಸ್ಟೀಲಿನವು ತಂದು ಬದಲಿಸಬೇಕು.